ತುಕ್ಕು ಹಿಡಿಯದ ಬಿಯರ್ ಮುಚ್ಚಳ: ಸ್ಟೇನ್‌ಲೆಸ್ ಸ್ಟೀಲ್ ಬಳಸಿ ನೋಡಿದೆ

ಮನೆಯಲ್ಲಿ ಮಾಡಿದ ಬಿಯರನ್ನು ತಿಂಗಳುಗಟ್ಟಲೆ ಇಡುವವರು ಈ 26 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಮುಚ್ಚಳಗಳನ್ನು ಖಂಡಿತ ಕೊಳ್ಳಬಹುದು. ನನ್ನ ಬಾಟಲಿಗಳು ಇರುವುದು ತೇವ ಜಾಸ್ತಿ ಇರುವ ಮೂಲೆಯಲ್ಲಿ. ಅಲ್ಲಿ ಸಾಮಾನ್ಯ ಮುಚ್ಚಳದ ಅಂಚು ಬೇಗ ಕೆಂಪಾಗುತ್ತದೆ. ಇವು ಮಳೆಗಾಲ ಪೂರ್ತಿ ಹೊಳೆಯುತ್ತಲೇ ಇದ್ದವು.

ಸಾಮಾನ್ಯ ಮುಚ್ಚಳವೂ ಉಕ್ಕಿನದೇ. ಮೇಲೆ ತವರ ಅಥವಾ ಕ್ರೋಮಿಯಂನ ತೆಳುವಾದ ಲೇಪ ಇರುತ್ತದೆ, ಅಷ್ಟೆ. ತಗಡನ್ನು ಕತ್ತರಿಸಿದ ಅಂಚಿನಲ್ಲಿ ಬರೀ ಉಕ್ಕು. ತುಂಬುವಾಗ ಚೆಲ್ಲಿದ ಬಿಯರ್ ಮುಚ್ಚಳದ ಅಂಚಿನ 21 ಹಲ್ಲುಗಳ ಒಳಗೆ ಸಿಕ್ಕಿಕೊಳ್ಳುತ್ತದೆ. ಬಿಯರಿನಲ್ಲಿ ಹುಳಿ ಇದೆ ಅಲ್ವಾ, ತುಕ್ಕು ಅಲ್ಲಿಂದಲೇ ಶುರು. ಮುಚ್ಚಳದ ಒಳಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಬಿಯರಿಗೆ ಇಳಿಯುವುದು ಅಪರೂಪ. ಆದರೆ ಬಾಟಲಿಯ ಬಾಯಿಗೆ ಅಂಟಿಕೊಂಡ ಕಂದು ಕಲೆ ನೋಡಿದರೆ ಕುಡಿಯುವ ಮನಸ್ಸೇ ಬರುವುದಿಲ್ಲ.

ಒಂದು ಕೊರತೆ ಇದೆ. ಇವು ಸ್ವಲ್ಪ ಗಟ್ಟಿ, ಮುಚ್ಚಳ ಕೂರಿಸುವ ನನ್ನ ಕೈ ಕ್ಯಾಪರನ್ನು ಬಲವಾಗಿ ಒತ್ತಬೇಕಾಯಿತು.

ಇವುಗಳನ್ನೂ ಬ್ಲೀಚಿನಲ್ಲಿ ನೆನೆಸಬೇಡಿ. ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ಸಾಮಾನ್ಯ ಮುಚ್ಚಳವೇ ಸಾಕು ಅನ್ನುವವರು, ಹಾಕಿದ ತಕ್ಷಣ ಬಾಟಲಿಯ ಕುತ್ತಿಗೆಯನ್ನು ನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿದ ಮೇಲೆ ಪೆಟ್ಟಿಗೆಗೆ ಸೇರಿಸಿ.