ಬಿಗಿ ಶಿಲೆಯ ರಂಧ್ರತೆಗೆ ಎನ್‌ಎಂಆರ್: ಕಾರವಾರದಲ್ಲಿ ಹಲವು ಮಳೆಗಾಲಗಳ ಬಳಕೆಯ ನಂತರ

ಶಿಲೆಯ ಗಾತ್ರದಲ್ಲಿ ರಂಧ್ರಗಳ ಪಾಲನ್ನು (ರಂಧ್ರತೆ) ಅಳೆಯುವ ಈ ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ) ಯಂತ್ರ ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ. ಕೇಳಬೇಕಾದದ್ದು ಎಕೋ ಅಂತರ, ಅಂದರೆ ಒಂದರ ಹಿಂದೊಂದು ಬರುವ ಸಂಕೇತಗಳ (ಎಕೋಗಳ) ನಡುವಿನ ಸಮಯ.

ಕಾರವಾರದ ನಮ್ಮ ಸಣ್ಣ ಪ್ರಯೋಗಾಲಯದಲ್ಲಿ ಮೇಜಿನ ಮೇಲಿಡುವ 2 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರವಿದೆ. ಜಿಲ್ಲೆಯ ಗ್ರಾನೈಟ್, ನೈಸ್‌ಗಳಲ್ಲಿ ತೈಲ ಹುಡುಕಿ ರಂಧ್ರತೆ ಅಳೆಸುವವರು ಯಾರೂ ಇಲ್ಲ. ನಾವು ಅಳೆಯುವ ಬಿಗಿ (ತೀರ ಕಿರಿದಾದ ರಂಧ್ರಗಳ) ಮರಳುಗಲ್ಲಿನ ತುಂಡುಗಳೆಲ್ಲ ಹೊರಗಿನಿಂದ ಬರುತ್ತವೆ.

ಯಂತ್ರಕ್ಕೆ ಕಲ್ಲು ಕಾಣುವುದಿಲ್ಲ, ರಂಧ್ರಗಳಲ್ಲಿರುವ ನೀರಿನ ಹೈಡ್ರೋಜನ್ ಮಾತ್ರ ಕಾಣುತ್ತದೆ. ರಂಧ್ರ ಕಿರಿದಾದಷ್ಟೂ ಸಂಕೇತ ಬೇಗ ಅಡಗುತ್ತದೆ. ಬಿಗಿ ಶಿಲೆಯಲ್ಲಿ ಅದರ ದೊಡ್ಡ ಪಾಲು 1 ಮಿಲಿಸೆಕೆಂಡಿನೊಳಗೇ ಮುಗಿದುಹೋಗುವುದುಂಟು. ಎಕೋ ಅಂತರ 0.3 ಮಿಲಿಸೆಕೆಂಡ್ ಇದ್ದರೆ ಅತಿ ಸಣ್ಣ ರಂಧ್ರಗಳು ಲೆಕ್ಕದಿಂದಲೇ ಜಾರಿಬಿಡುತ್ತವೆ. 0.1ಕ್ಕೆ ಇಳಿಸಿದರೆ ಅದೇ ತುಂಡಿನ ರಂಧ್ರತೆ ಏರಿ, ರಂಧ್ರಗಳಿಗೆ ಹೀಲಿಯಂ ಅನಿಲ ತುಂಬಿಸಿ ಪಡೆಯುವ ಅಳತೆಯ ಸಮೀಪಕ್ಕೆ ಬರುತ್ತದೆ. ಈ ಯಂತ್ರ ಅಷ್ಟಕ್ಕೆ ಇಳಿಯುತ್ತದೆ, ನನ್ನ ಮೆಚ್ಚುಗೆಯ ಮುಕ್ಕಾಲು ಪಾಲು ಅದಕ್ಕೇ. ಸಂಕೇತ ಕ್ಷೀಣವಾದ್ದರಿಂದ ತಾಳ್ಮೆ ಬೇಕು: ಸಂಕೇತದೊಂದಿಗೆ ಬೆರೆಯುವ ಗದ್ದಲ (ನಾಯ್ಸ್) ಅರ್ಧಕ್ಕಿಳಿಯಲು ಸ್ಕ್ಯಾನ್‌ಗಳನ್ನು ನಾಲ್ಕು ಪಟ್ಟು ಮಾಡಬೇಕು.

ಮಾದರಿಯ ತಯಾರಿ ಯಂತ್ರಕ್ಕಿಂತ ಕಷ್ಟದ್ದು. 38 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಉದ್ದದ ತುಂಡಿನಲ್ಲಿ 5 ಶೇಕಡಾ ರಂಧ್ರತೆ ಎಂದರೆ ಒಳಗಿರುವ ನೀರು ಸುಮಾರು 2.8 ಮಿಲಿಲೀಟರ್ ಅಷ್ಟೇ. ಮೈಮೇಲೆ ಅರ್ಧ ಮಿಲಿಲೀಟರ್ ಉಳಿದರೂ 5 ಇದ್ದದ್ದು 6ರ ಹತ್ತಿರ ಹೋಗುತ್ತದೆ. ಒಣ ಕಾಗದದಿಂದ ಒತ್ತಿ ಒರೆಸಿದರೆ ರಂಧ್ರದ ನೀರೂ ಹೊರಬರುತ್ತದೆ. ಹಿಂಡಿದ ಒದ್ದೆ ಬಟ್ಟೆಯ ಮೇಲೆ ಒಮ್ಮೆ ಉರುಳಿಸಿ ತಕ್ಷಣ ಟೆಫ್ಲಾನ್ ಕೊಳವೆಗೆ ಇಳಿಸುವುದು ನಮ್ಮ ಪದ್ಧತಿ. ಟೆಫ್ಲಾನ್‌ನಲ್ಲಿ ಹೈಡ್ರೋಜನ್ ಇಲ್ಲ, ಹಾಗಾಗಿ ಅದು ಮೌನವಾಗಿರುತ್ತದೆ.

ಇನ್ನು ದೂರು. ಅಯಸ್ಕಾಂತ ಬಿಸಿಯಾದರೆ ಕ್ಷೇತ್ರ ಕುಗ್ಗುತ್ತದೆ, ಅದಕ್ಕೇ ಒಳಗಿನ ಹೀಟರ್ ಅದನ್ನು 35 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಮಾರಾಟಗಾರರು ಕೊಟ್ಟ ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಸಾಕಾಗುವಂಥದ್ದು! ಆಷಾಢದ ಗಾಳಿಮಳೆಗೆ ವಿದ್ಯುತ್ ಹೋದಾಗಲೆಲ್ಲ ಅಯಸ್ಕಾಂತ ತಣ್ಣಗಾಗಿ, ಮತ್ತೆ ಸ್ಥಿರವಾಗುವಷ್ಟರಲ್ಲಿ ಅರ್ಧ ದಿನ ಕೈಬಿಡುತ್ತಿತ್ತು. ದೊಡ್ಡ ಯುಪಿಎಸ್‌ಗೆ ನಾವೇ ಹಣ ತೆತ್ತೆವು. ಬಿಡಿಭಾಗ ಬೇಕೆಂದರೆ ಪತ್ರದ ಮೇಲೆ ಪತ್ರ ಬರೆಯಬೇಕು. ಸಾಫ್ಟ್‌ವೇರ್ ಪರವಾಗಿಲ್ಲ.

ಕುತೂಹಲಕ್ಕೆ ನಮ್ಮೂರಿನ ಚಿರೆಕಲ್ಲನ್ನೂ ಇಟ್ಟು ನೋಡಿದೆವು. ಬರಿಗಣ್ಣಿಗೆ ಕಾಣುವ ತೂತುಗಳಿದ್ದರೂ ಅದರೊಳಗಿನ ಕಬ್ಬಿಣ ಸಂಕೇತವನ್ನು ಬೇಗ ಅಡಗಿಸಿ, ರಂಧ್ರಗಳನ್ನು ಇರುವುದಕ್ಕಿಂತ ಸಣ್ಣದಾಗಿ ತೋರಿಸಿತು. ನಿಮಗೆ ಕಬ್ಬಿಣ ಹೆಚ್ಚಿರುವ ಶಿಲೆಗಳೇ ಬರುವುದಾದರೆ, ಮುಂಗಡ ಕೊಡುವ ಮುನ್ನ ಒಂದು ತುಂಡನ್ನು ಮಾರಾಟಗಾರರಿಗೇ ಕಳಿಸಿ ಅಳೆಸಿಕೊಳ್ಳಿ.