ಥೆರಪಿ ಕುದುರೆಯ ಬೆನ್ನಿಗೆ ಯಾವುದು ಸರಿ: ಪ್ಯಾಡೋ, ಟ್ರೀ ಇಲ್ಲದ ಜೀನೋ, ಟ್ರೀ ಇರುವ ಜೀನೋ?

ದೇಹದ ತೊಂದರೆ ಇರುವ ಮಕ್ಕಳನ್ನೂ ವಯಸ್ಕರನ್ನೂ ಚಿಕಿತ್ಸೆಗಾಗಿ ಕೂರಿಸಿ ನಡೆಸುವ ಕುದುರೆಯೇ ಥೆರಪಿ ಕುದುರೆ; ಟ್ರೀ ಎಂದರೆ ಜೀನಿನ ಒಳಗಿನ ಗಟ್ಟಿ ಚೌಕಟ್ಟು. ಮಗುವಿಗೆ ಮೆತ್ತಗಿದ್ದರೆ ಕುದುರೆಗೂ ಮೆತ್ತಗಿರುತ್ತದೆ ಎಂಬ ಲೆಕ್ಕ ಬಹಳ ಸಲ ತಪ್ಪುತ್ತದೆ. ಮೂರನ್ನೂ ಒಂದೊಂದಾಗಿ ಒಂದೇ ಕುದುರೆಗೆ ಹಾಕಿ, ಅರ್ಧ ಗಂಟೆ ನಡೆಸಿ ಬಿಚ್ಚಿದರೆ, ವ್ಯತ್ಯಾಸ ಬೆವರಿನ ಗುರುತಿನಲ್ಲೇ ಕಾಣುತ್ತದೆ.

ಮೊದಲು ತೂಕ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇ. 20 ದಾಟಬಾರದು ಎಂಬುದು ಚಾಲ್ತಿಯಲ್ಲಿರುವ ಮಿತಿ. ಆದರೆ ಅದು ಸಮತೋಲವಿರುವ ಸವಾರನಿಗೆ. ಒಂದು ಪಕ್ಕಕ್ಕೆ ವಾಲುವ, ಸೊಂಟ ಬಿಗಿಯಾಗಿರುವ ಮಕ್ಕಳಿಗೆ ಶೇ. 15 ಸಾಕು. 380 ಕೆ.ಜಿ.ಯ ಕುದುರೆಗೆ ಅದು 57 ಕೆ.ಜಿ.; ಜೀನಿನ 7 ಕೆ.ಜಿ. ಕಳೆದರೆ ಸವಾರನಿಗೆ ಉಳಿಯುವುದು 50.

ಫೆಲ್ಟ್ ಪ್ಯಾಡ್, ಅದರ ಮೇಲೆ ಹಿಡಿಕೆ ಇರುವ ಸರ್ಸಿಂಗಲ್ (ಕುದುರೆಯ ಬೆನ್ನು, ಹೊಟ್ಟೆ ಸುತ್ತಿ ಬಿಗಿಯುವ ಪಟ್ಟಿ): ಫಿಸಿಯೋಥೆರಪಿಸ್ಟ್‌ಗಳಿಗೆ ಇದೇ ಇಷ್ಟ. ಕುದುರೆಯ ಬಿಸಿಯೂ ನಡಿಗೆಯ ಅಲುಗಾಟವೂ ಮಗುವಿನ ಸೊಂಟಕ್ಕೆ ನೇರವಾಗಿ ತಲುಪುತ್ತವೆ. ತೊಂದರೆಯೂ ಅಲ್ಲೇ. ಭಾರ ಹಂಚುವ ಚೌಕಟ್ಟಿಲ್ಲದ್ದರಿಂದ ಕೂರುವ ಎರಡು ಮೂಳೆಗಳ ಒತ್ತಡ ಅಂಗೈಯಗಲದ ಜಾಗಕ್ಕೇ ಬೀಳುತ್ತದೆ. ಮಗು ಹಿಂದಕ್ಕೆ ಜಾರಿದರೆ ಕೊನೆಯ ಪಕ್ಕೆಲುಬು ದಾಟಿ ಕುದುರೆಯ ಸೊಂಟದ ಮೇಲೆ ಕೂರುತ್ತದೆ. ಅಲ್ಲಿ ಭಾರ ಹೊರುವ ಆಧಾರವಿಲ್ಲ. ಸರ್ಸಿಂಗಲ್‌ಗೆ ಬೆನ್ನುಮೂಳೆಯ ಎರಡೂ ಕಡೆ ದಿಂಬು ಇರಲೇಬೇಕು, ಬರೀ ಪಟ್ಟಿಯಾದರೆ ಮೂಳೆಯನ್ನೇ ಅದುಮುತ್ತದೆ. ಫೋಮ್ ಪ್ಯಾಡ್ ಬೇಡ: ಒಳಗಿನ ತೇವ ಬೇಗ ಆರುವುದಿಲ್ಲ, ಮಳೆಗಾಲದಲ್ಲಂತೂ ಬೂಷ್ಟು ಹಿಡಿಯುತ್ತದೆ. ಉಣ್ಣೆಯ ಫೆಲ್ಟ್ ವಾಸಿ. 25 ಕೆ.ಜಿ. ಒಳಗಿನ ಮಗು, 20 ನಿಮಿಷ: ನಮ್ಮ ಮಟ್ಟಿಗೆ ಪ್ಯಾಡಿನ ಗಡಿ ಇದು. ಇದಕ್ಕೆ ರಿಕಾಪು, ಅಂದರೆ ಕಾಲಿಡುವ ಬಳೆ, ಜೋಡಿಸುವ ಯೋಚನೆಯೇ ಬೇಡ. ಒಂದು ಕಾಲಿಗೆ ಭಾರ ಬಿದ್ದರೆ ಪ್ಯಾಡ್ ಮಗುವಿನ ಸಮೇತ ಉರುಳುತ್ತದೆ.

ಟ್ರೀ ಇಲ್ಲದ ಜೀನು ಅಂಗಡಿಯಲ್ಲಿ ನೋಡಲು ಚೆಂದ, 'ಎಲ್ಲ ಕುದುರೆಗೂ ಹೊಂದುತ್ತದೆ' ಎಂಬ ಮಾತು ಬೇರೆ. ಅರೆಪಾರ್ಶ್ವವಾಯು ಇರುವ ಮಗುವನ್ನು ಕೂರಿಸಿದಾಗ ಅಸಲಿಯತ್ತು ತಿಳಿಯುತ್ತದೆ. ಬಲವಿರುವ ಕಾಲು ರಿಕಾಪನ್ನು ಒತ್ತಿದಷ್ಟೂ ಭಾರವೆಲ್ಲ ರಿಕಾಪಿನ ಪಟ್ಟಿ ತೂಗುವ ಒಂದೇ ಸಾಲಿಗೆ ಇಳಿಯುತ್ತದೆ, ಜೀನು ಆ ಕಡೆಗೆ ತಿರುಗುತ್ತದೆ. ಅದನ್ನು ತಡೆಯಲು ಸೈಸ್ (ಕುದುರೆ ನೋಡಿಕೊಳ್ಳುವವ) ಹೊಟ್ಟೆಪಟ್ಟಿಯನ್ನು ಇನ್ನೊಂದು ತೂತು ಬಿಗಿಯುತ್ತಾನೆ. ಕುದುರೆ ಕಿವಿ ಹಿಂದಕ್ಕೆ ಹಾಕಿ ಪಟ್ಟಿಯ ಕಡೆ ಬಾಯಿ ಹಾಕುವುದು ಆಮೇಲೆ.

ಟ್ರೀ ಇರುವ ಜೀನಿನಲ್ಲಿ ಒಳಗಿನ ಗಟ್ಟಿ ಚೌಕಟ್ಟು ಭಾರವನ್ನು ಅಗಲಕ್ಕೆ ಹರಡುತ್ತದೆ. ದೊಡ್ಡ ಮಕ್ಕಳಿಗೂ ವಯಸ್ಕರಿಗೂ ಇದೇ ಸರಿ, ಅಳತೆ ಕೂಡಿದರೆ ಮಾತ್ರ. ಸವಾರ ಕೂತ ಮೇಲೂ ಭುಜದ ದಿಬ್ಬಕ್ಕೂ ಜೀನಿಗೂ ನಡುವೆ ಎರಡು ಬೆರಳು ಹೋಗಬೇಕು. ಮುಂದೆ ಹಿಂದೆ ತಾಗಿ ನಡುವೆ ಖಾಲಿ ಇದ್ದರೆ ನಾಲ್ಕು ಮೂಲೆಗಳು ಕುಟ್ಟುತ್ತವೆ. ಮೇವು ಕಡಿಮೆಯಾಗುವ ಬೇಸಿಗೆಯಲ್ಲಿ ಬೆನ್ನು ಇಳಿಯುತ್ತದೆ. ಜನವರಿಯಲ್ಲಿ ಕೂಡಿದ ಜೀನು ಮೇ ತಿಂಗಳಲ್ಲಿ ಕೂಡದಿರಬಹುದು.

ಯಾವುದೇ ಇರಲಿ, ನೆಲದಿಂದ ಹತ್ತಿಸಬೇಡಿ, ರ‍್ಯಾಂಪ್ ಬೇಕು. ಹೊಟ್ಟೆಪಟ್ಟಿಯನ್ನು ಒಮ್ಮೆಗೇ ಎಳೆಯದೆ, ನಡುನಡುವೆ ನಾಲ್ಕು ಹೆಜ್ಜೆ ನಡೆಸಿ ಮೂರು ಸಲ ಬಿಗಿಯಿರಿ. ಬಿಚ್ಚಿದಾಗ ಒದ್ದೆಯ ನಡುವೆ ರೂಪಾಯಿಯಗಲ ಒಣ ಗುರುತಿದ್ದರೆ ಅಲ್ಲಿ ಒತ್ತಡ ಹೆಚ್ಚೆಂದು ಅನುಮಾನಿಸಿ. ಮರುದಿನ ಬೆಳಿಗ್ಗೆ ಬೆನ್ನುಮೂಳೆಯ ಇಬ್ಬದಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಕುದುರೆ ಬೆನ್ನು ತಗ್ಗಿಸಿದರೆ ಅವತ್ತು ಸವಾರಿ ಇಲ್ಲ. ಮಕ್ಕಳು ಮೈ ಉಜ್ಜಲಿ, ಹಗ್ಗ ಹಿಡಿದು ನಡೆಸಲಿ. ಒತ್ತಿದ ಜಾಗದಲ್ಲಿ ಬಿಳಿ ಕೂದಲು ಬರುವವರೆಗೆ ಕಾದರೆ ಚರ್ಮ ಆಗಲೇ ಕೆಟ್ಟಿರುತ್ತದೆ.