ಗೂಗಲ್ ಫ್ಯಾಮಿಲಿ ಲಿಂಕ್: ಮಗಳ ಪಕ್ಕ ಕೂತು ಹಾಕಿಕೊಂಡ ಆ್ಯಪ್

ಮಕ್ಕಳ ಫೋನ್ ಬಳಕೆಗೆ ಹೆತ್ತವರು ಮಿತಿ ಹಾಕಲು ಗೂಗಲ್ ಕೊಡುವ ಆ್ಯಪ್ ಫ್ಯಾಮಿಲಿ ಲಿಂಕ್. ಮೊದಲೇ ಹೇಳಿಬಿಡುತ್ತೇನೆ. ಫ್ಯಾಮಿಲಿ ಲಿಂಕ್ ಹಾಕಿಕೊಂಡರೆ ಮಕ್ಕಳ ವಾಟ್ಸಾಪ್ ಓದಲು ಬರುವುದಿಲ್ಲ. ಅವರು ಆಡಿದ ಮಾತು ಕೇಳಿಸುವುದಿಲ್ಲ. ಅವರ ಸ್ಕ್ರೀನ್ ನಮ್ಮ ಫೋನಿನಲ್ಲಿ ಕಾಣುವುದಿಲ್ಲ. ನಾನು ಇದನ್ನು ಆರಿಸಿಕೊಂಡಿದ್ದೇ ಆ ಕಾರಣಕ್ಕೆ.

ಮಗಳು ಎಂಟನೇ ಕ್ಲಾಸು. ಸ್ಕೂಲಿನ ಹೋಮ್‌ವರ್ಕು, ಟ್ಯೂಷನ್ ನೋಟ್ಸು ಎಲ್ಲ ವಾಟ್ಸಾಪ್ ಗ್ರೂಪಿಗೇ ಬರುತ್ತವೆ, ಫೋನ್ ಕೊಡದೆ ವಿಧಿಯಿಲ್ಲ. ನಾನು ಸಾಗರದಲ್ಲಿ ಒಂದು ಸೊಸೈಟಿಯಲ್ಲಿ ಕೆಲಸ ಮಾಡುವವಳು. ಮನೆ ಸೇರುವಾಗ ಆರು ದಾಟಿರುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಅವಳು, ಅವಳ ಅಜ್ಜಿ, ಮತ್ತೆ ಆ ಫೋನು.

ಫೋನ್ ಕೊಳ್ಳುವಾಗ ಅಂಗಡಿಯವರು ಬೇರೊಂದು ಆ್ಯಪ್ ತೋರಿಸಿದ್ದರು. "ಹಾಕಿ ಕೊಡ್ತೀನಿ ಮೇಡಂ, ಮಗಳಿಗೆ ಗೊತ್ತೇ ಆಗಲ್ಲ. ಮೆಸೇಜು, ಫೋಟೋ ಎಲ್ಲ ನಿಮ್ ಫೋನಿಗೇ ಬರುತ್ತೆ" ಅಂದರು. ಅದು ಪ್ಲೇ ಸ್ಟೋರಿನಲ್ಲಿ ಸಿಗುವಂಥದ್ದಲ್ಲ. ಹೊರಗಿನಿಂದ ಎಪಿಕೆ, ಅಂದರೆ ಆ್ಯಪಿನ ಫೈಲು, ಇಳಿಸಬೇಕು, ಕೆಟ್ಟ ಆ್ಯಪ್ ತಡೆಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಬೇಕು, ಐಕಾನ್ ಬಚ್ಚಿಡಬೇಕು. ಅವಳ ಫೋಟೋಗಳು ಯಾವುದೋ ದೇಶದ ಸರ್ವರಿಗೆ ಹೋಗಿ, ಅಲ್ಲಿಂದ ನನ್ನ ಹತ್ತಿರ ಬರುವುದು. ಮಗಳನ್ನು ಕಾಯುತ್ತೇನೆ ಅಂತ ಹೋಗಿ ಅವಳ ಫೋಟೋಗಳನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಡುವುದಾ? ಎಂಸ್ಪೈ ಅನ್ನುವ ಇಂಥದ್ದೇ ಒಂದು ಆ್ಯಪಿನಿಂದ 2015, 2018, 2024ರಲ್ಲಿ ಮಾಹಿತಿ ಸೋರಿಹೋಗಿದೆ. ನಾನು ಬೇಡವೇ ಬೇಡ ಅಂದೆ.

ಫ್ಯಾಮಿಲಿ ಲಿಂಕ್ ಉಚಿತ. ಮಗುವಿನ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇರಬೇಕು. ನಮ್ಮದು ಆಂಡ್ರಾಯ್ಡ್ ಆದರೂ ಸರಿ, ಐಫೋನ್ ಆದರೂ ಸರಿ. ಮಗಳಿಗೆ 13 ತುಂಬಿರುವುದರಿಂದ ಅವಳು ಒಪ್ಪಿ, ತನ್ನ ಪಾಸ್‌ವರ್ಡ್ ಹಾಕದೆ ಏನೂ ಶುರುವಾಗುವುದಿಲ್ಲ. ಒಂದು ಭಾನುವಾರ ಇಬ್ಬರೂ ಜಗಲಿಯಲ್ಲಿ ಕೂತು ಮಾಡಿದೆವು. ಪ್ರತಿ ಪುಟವನ್ನೂ ಅವಳೇ ಓದಿದಳು. ಲೊಕೇಶನ್ ಬಂದಾಗ ಬೆರಳು ನಿಲ್ಲಿಸಿ, "ಇದ್ಯಾಕಮ್ಮ?" ಅಂದಳು. ಮಳೆಗಾಲದಲ್ಲಿ ಬಸ್ ತಡವಾದರೆ ಗಾಬರಿಯಾಗುತ್ತದೆ, ಅದಕ್ಕೆ ಅಂದೆ. ಸ್ವಲ್ಪ ಯೋಚಿಸಿ, "ಹಂಗಾದ್ರೆ ಮೊದ್ಲು ಮೆಸೇಜ್ ಹಾಕು. ನಾನು ಉತ್ತರ ಕೊಟ್ಟಿಲ್ಲ ಅಂದ್ರೆ ಮಾತ್ರ ನೋಡು" ಅಂದಳು. ನನಗೆ ಇದಕ್ಕಿಂತ ಒಳ್ಳೆಯ ನಿಯಮ ಹೊಳೆಯುತ್ತಿರಲಿಲ್ಲ. ಈಗಲೂ ಹಾಗೇ ನಡೆಸುತ್ತಿದ್ದೇವೆ.

ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ರಾತ್ರಿಯ ಬೀಗ. ಒಂಬತ್ತೂವರೆಗೆ ಫೋನ್ ಲಾಕ್ ಆಗುತ್ತದೆ, ಬೆಳಿಗ್ಗೆ ಆರಕ್ಕೆ ತೆರೆದುಕೊಳ್ಳುತ್ತದೆ. ಲಾಕ್ ಆದಾಗಲೂ ಬಂದ ಕಾಲ್ ಎತ್ತಬಹುದು, ಅದು ಬಹಳ ಮುಖ್ಯ. ಪರೀಕ್ಷೆ ಹಿಂದಿನ ದಿನ ಗ್ರೂಪಿನಲ್ಲಿ ಏನಾದರೂ ಕೇಳಬೇಕಿದ್ದರೆ ಬಂದು ಹೇಳುತ್ತಾಳೆ, ನನ್ನ ಫೋನಿನಿಂದ ಇನ್ನಷ್ಟು ಹೊತ್ತು ಕೊಡುತ್ತೇನೆ. "ಫೋನ್ ಇಡು" ಅಂತ ದಿನಾ ರಾತ್ರಿ ಕೂಗುವುದು ನಿಂತಿದೆ. ಹೊತ್ತಾಯಿತು ಅಂತ ಹೇಳುವುದು ಈಗ ಫೋನೇ, ಹಾಗಾಗಿ ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ.

ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಕಳೆದಳು ಅನ್ನುವ ಪಟ್ಟಿ ಬರುತ್ತದೆ. ವಾಟ್ಸಾಪ್ 50 ನಿಮಿಷ ಅಂತ ಕಾಣುತ್ತದೆ, ಯಾರ ಜೊತೆ ಅಂತ ಕಾಣುವುದಿಲ್ಲ. ಅಷ್ಟು ಸಾಕು. ಕೊರತೆ ಇರುವುದೂ ಈ ಪಟ್ಟಿಯಲ್ಲೇ. ವಿಜ್ಞಾನದ ಪಾಠ ನೋಡಿದರೂ ಯೂಟ್ಯೂಬ್, ಶಾರ್ಟ್ಸ್ ಉಜ್ಜುತ್ತ ಕೂತರೂ ಯೂಟ್ಯೂಬ್. ಅಂಕಿ ಮಾತ್ರ ನೋಡಿ ಬೈಯಲು ಹೋದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ, ಕೇಳಿಯೇ ತಿಳಿಯಬೇಕು. ಲೊಕೇಶನ್ನಿಗೂ ನೆಟ್‌ವರ್ಕ್ ಬೇಕು. ನಮ್ಮ ಕಡೆ ಘಟ್ಟದ ರಸ್ತೆಯಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ.

"ಮಕ್ಕಳಿಗೆಂಥ ಗುಟ್ಟು, ಫೋನ್ ಇಸ್ಕೊಂಡು ನೋಡಿದ್ರಾಯ್ತಪ್ಪ" ಅನ್ನುವವರು ನಮ್ಮ ನೆಂಟರಲ್ಲೂ ಇದ್ದಾರೆ. ನಾನು ಒಪ್ಪುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬಂದಾಗ ಅವರಿಗೆ 90 ದಾಟಿತ್ತು. ಸರ್ಕಾರದ ಎದುರು ಗೆದ್ದ ಹಕ್ಕು ಅದು, ನಿಜ. ಆದರೆ ಮನೆಯೊಳಗೆ ಅದರ ರುಚಿಯೇ ಗೊತ್ತಿಲ್ಲದೆ ಬೆಳೆದ ಹುಡುಗಿ ನಾಳೆ ಹೊರಗೆ ಅದನ್ನು ಕೇಳಿ ಪಡೆಯುತ್ತಾಳಾ?

ಇನ್ನೊಂದು ಲೆಕ್ಕವೂ ಇದೆ. ಕೆಲವು ವಾರದ ಹಿಂದೆ ಗುರುತಿಲ್ಲದ ನಂಬರಿನಿಂದ "ಹಾಯ್ ಡಿಯರ್, ಫೋಟೋ ಕಳಿಸು" ಅಂತ ಅವಳಿಗೆ ಮೆಸೇಜ್ ಬಂತು. ಯಾವ ಆ್ಯಪೂ ನನಗೆ ಹೇಳಲಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ ಅವಳೇ ಫೋನ್ ಹಿಡಿದು ಬಂದಳು. ಇಬ್ಬರೂ ಸೇರಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆವು, ರಿಪೋರ್ಟ್ ಮಾಡಿ ಬ್ಲಾಕ್ ಮಾಡಿದೆವು. ಮುಂದುವರಿದರೆ ಇರಲಿ ಅಂತ ಮಕ್ಕಳ ಸಹಾಯವಾಣಿ 1098, ಸೈಬರ್ ದೂರಿನ 1930 ಎರಡನ್ನೂ ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ಕದ್ದು ಓದುವ ಅಮ್ಮ ಅಂತ ಗೊತ್ತಿದ್ದಿದ್ದರೆ ಅವಳು ಅದನ್ನು ಡಿಲೀಟ್ ಮಾಡಿ ಸುಮ್ಮನಿರುತ್ತಿದ್ದಳು ಅಂತಲೇ ನನಗೆ ಅನಿಸುತ್ತದೆ.

ಮಗುವಿನ ಕೈಯಲ್ಲಿ ಐಫೋನ್ ಇದ್ದರೆ ಫ್ಯಾಮಿಲಿ ಲಿಂಕ್‌ನಿಂದ ಅದಕ್ಕೆ ಬೀಗ ಹಾಕಲಾಗದು, ಆ್ಯಪಲ್‌ನ ಸ್ಕ್ರೀನ್ ಟೈಮ್ ನೋಡಿ. ಇನ್ನು ಮಕ್ಕಳು ನಿಮ್ಮ ಫೋನನ್ನೇ ಬಳಸುತ್ತಾರೆ ಅಂದರೆ ಈ ಆ್ಯಪ್ ಸುಮ್ನೆ ದಂಡ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಅಂತ ಇರುತ್ತದೆ, ಅದನ್ನೂ, ಅನ್‌ಪಿನ್ ಮಾಡುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿಕೊಳ್ಳಿ. ಪಾಠದ ವಿಡಿಯೋ ಹಾಕಿ ಪಿನ್ ಮಾಡಿ ಕೊಟ್ಟರೆ, ನಿಮ್ಮ ಲಾಕ್ ತೆಗೆಯದೆ ಬೇರೆ ಆ್ಯಪಿಗೆ ಹೋಗಲು ಆಗುವುದಿಲ್ಲ.